ಬೇರಿನ ಬಾಯಲ್ಲಿ ನೂಕುನುಗ್ಗಲು

ಒಂದು ಗೊಬ್ಬರ ಹೆಚ್ಚಾದರೆ ಇನ್ನೊಂದು ಯಾಕೆ ಸಿಗುವುದಿಲ್ಲ?

ಮುಂಗಾರು ಹದವಾಯಿತೆಂದರೆ ಗುಬ್ಬಿ, ಕುಣಿಗಲ್ ಪೇಟೆಯ ಗೊಬ್ಬರದ ಅಂಗಡಿಗಳ ಮುಂದೆ ಒಂದು ಮಾತು ತಪ್ಪದೆ ಕೇಳಿಬರುತ್ತೆ. "ಇರ್ಲಿ ಬಿಡಣ್ಣ, ಇನ್ನೊಂದು ಮೂಟೆ ಹಾಕ್ಸು. ಹೆಚ್ಚಾದ್ರೆ ಭೂಮೀಲೇ ಇರುತ್ತೆ, ಎಲ್ಲಿಗೆ ಹೋಗುತ್ತೆ?" ಈ ಮಾತು ಅರ್ಧ ಮಾತ್ರ ನಿಜ. ಯೂರಿಯಾ ಭೂಮಿಯಲ್ಲಿ ಕಾದು ಕೂರುವುದಿಲ್ಲ, ಗಾಳಿಗೂ ಹೋಗುತ್ತೆ, ಮಳೆ ನೀರಿನ ಜೊತೆ ಕೆಳಕ್ಕೂ ಇಳಿಯುತ್ತೆ. ರಂಜಕ, ಪೊಟ್ಯಾಷ್ ಸ್ವಲ್ಪಮಟ್ಟಿಗೆ ಉಳಿಯುತ್ತವೆ ಸರಿ. ಆದರೆ ಸುಮ್ಮನೆ ಉಳಿಯುವುದಿಲ್ಲ. ತಾನೂ ಉಳಿದು, ಬೇರೆಯವರು ಗಿಡಕ್ಕೆ ಸೇರದ ಹಾಗೆ ಅಡ್ಡ ಬೇರೆ ನಿಲ್ಲುತ್ತವೆ. ಹೆಚ್ಚು ಹಾಕಿದ ಮೂಟೆಯ ದುಡ್ಡು ಒಂದು ನಷ್ಟ. ಅದರಿಂದ ಗಿಡಕ್ಕೆ ಸಿಗದೆ ಹೋದ ಇನ್ನೊಂದು ಪೋಷಕಾಂಶದ್ದು ಎರಡನೇ ನಷ್ಟ. ಈ ಎರಡನೆಯದು ಕಣ್ಣಿಗೆ ಕಾಣಲ್ಲ, ಆದ್ದರಿಂದ ಲೆಕ್ಕಕ್ಕೆ ಬರಲ್ಲ.

ಕೊಟ್ಟಿಗೆಯಲ್ಲಿ ಕಲಗಚ್ಚಿನ ಬಾನಿ ಇಟ್ಟಾಗ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಬಲವಾದ ಎಮ್ಮೆ ತಲೆ ಹಾಕಿದರೆ ಕರುವಿಗೆ ಜಾಗವಿಲ್ಲ. ಬಾನಿಯಲ್ಲಿ ಕಲಗಚ್ಚು ಬೇಕಾದಷ್ಟಿದ್ದರೂ ಕರು ಹಸಿದೇ ಇರುತ್ತೆ. ಮಣ್ಣಿನೊಳಗೆ ಬೇರಿನ ಬಾಯಿ ಹತ್ತಿರ ನಡೆಯುವುದೂ ಇದೇ. ಮಣ್ಣಿನಲ್ಲಿ ಇದೆ ಅನ್ನುವುದು ಒಂದು ಮಾತು, ಗಿಡಕ್ಕೆ ಸಿಕ್ಕಿತು ಅನ್ನುವುದು ಇನ್ನೊಂದು ಮಾತು.

ಬೇರು ಉಣ್ಣುವುದು ಹೇಗೆ?

ನಾನು ಓದಿದ್ದು ಏಳನೇ ಕ್ಲಾಸು. ನನಗೆ ಅರ್ಥವಾದಷ್ಟನ್ನು ಅರ್ಥವಾದ ರೀತಿಯಲ್ಲೇ ಬರೆಯುತ್ತೇನೆ.

ಬೇರು ಗೊಬ್ಬರದ ಕಾಳನ್ನು ತಿನ್ನುವುದಿಲ್ಲ. ಗೊಬ್ಬರ ಮಣ್ಣಿನ ತೇವದಲ್ಲಿ ಕರಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾದ ಮೇಲೆಯೇ ಬೇರಿಗೆ ಸೇರುತ್ತೆ. ಈ ಕಣಗಳಿಗೆ ಬ್ಯಾಟರಿಗೆ ಇರುವಂತೆ ಧನ, ಋಣ ಅಂತ ಎರಡು ಗುಣ. ಪೊಟ್ಯಾಷ್, ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ, ಮೆಗ್ನೀಷಿಯಂ, ಅಮೋನಿಯ ರೂಪದ ಸಾರಜನಕ, ಉಪ್ಪಿನಲ್ಲಿರುವ ಸೋಡಿಯಂ, ಇವೆಲ್ಲ ಧನ ಗುಣದವು. ನೈಟ್ರೇಟ್ ರೂಪದ ಸಾರಜನಕ, ರಂಜಕ, ಗಂಧಕ ಋಣ ಗುಣದವು.

ಬೇರಿನ ಸಿಪ್ಪೆಯಲ್ಲಿ ಈ ಕಣಗಳು ಒಳಗೆ ಹೋಗಲು ಸಣ್ಣ ಸಣ್ಣ ಬಾಗಿಲುಗಳಿವೆ. ಒಂದೇ ತರಹದ ಕಣಗಳು ಒಂದೇ ಬಾಗಿಲಿಗೆ ಮುತ್ತುತ್ತವೆ. ಎಪ್‌ಸ್ಟೀನ್ ಮತ್ತು ಹೇಗನ್ ಎಂಬ ಇಬ್ಬರು ವಿಜ್ಞಾನಿಗಳು ಬಾರ್ಲಿಯ ಬೇರಿನ ಮೇಲೆ ಪ್ರಯೋಗ ಮಾಡಿ 1952ರಲ್ಲಿ ಇದನ್ನು ಪ್ರಕಟಿಸಿದರು. ಪೊಟ್ಯಾಷ್‌ಗೆ ಒಡಹುಟ್ಟಿದಂತಿರುವ ರುಬಿಡಿಯಂ ಎಂಬುದನ್ನು ಬೇರು ಎಷ್ಟು ಹೀರುತ್ತೆ ಅಂತ ಅಳೆದರು. ನೀರಿನಲ್ಲಿ ಪೊಟ್ಯಾಷ್ ಹೆಚ್ಚಿಸಿದಂತೆಲ್ಲ ರುಬಿಡಿಯಂ ಒಳಗೆ ಹೋಗುವುದು ಕಡಿಮೆಯಾಯಿತು. ಇಬ್ಬರಿಗೂ ಬಾಗಿಲು ಒಂದೇ ಅಂತ ಇದರಿಂದ ತಿಳಿಯಿತು.

ಎಲ್ಲ ಪೈಪೋಟಿಯೂ ಒಂದೇ ಬಾಗಿಲಿಗಾಗಿ ಅಲ್ಲ. ಗಿಡ ತನ್ನೊಳಗೆ ಧನ ಗುಣದ ಕಣಗಳ ಒಟ್ಟು ಲೆಕ್ಕವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತೆ. ಪೊಟ್ಯಾಷ್ ಜಾಸ್ತಿ ಒಳಗೆ ಬಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಷ್ಟು ಕಡಿಮೆ. ಇದರಲ್ಲಿ ಬಡಪಾಯಿ ಅಂದರೆ ಮೆಗ್ನೀಷಿಯಂ. ಅದು ತನ್ನ ಸುತ್ತ ನೀರಿನ ದಪ್ಪ ಕಂಬಳಿ ಹೊದ್ದುಕೊಂಡಿರುತ್ತೆ, ಬಾಗಿಲಲ್ಲಿ ನುಸುಳುವುದು ಕಷ್ಟ. ಪೊಟ್ಯಾಷ್ ಹಗುರಾಗಿ ನುಗ್ಗಿಬಿಡುತ್ತೆ.

ನಮ್ಮ ಕೆಂಪು ಮಣ್ಣು ಚಿಕ್ಕ ಕಣಜ

ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಹೊಲಗಳಲ್ಲಿ ಹೆಚ್ಚಿನವು ಮರಳು ಬೆರೆತ ಕೆಂಪು ಮಣ್ಣು. ಧನ ಗುಣದ ಕಣಗಳನ್ನು ಹಿಡಿದಿಡುವುದು ಮಣ್ಣಿನ ಜೇಡಿ ಮತ್ತು ಕೊಳೆತ ಗೊಬ್ಬರದ ಅಂಶ. ಎರೆ ಭೂಮಿಯಲ್ಲಿ ಜೇಡಿ ಜಾಸ್ತಿ, ಅದು ದೊಡ್ಡ ಕಣಜ. ಅಲ್ಲಿ ಒಂದು ಮೂಟೆ ಏರುಪೇರಾದರೂ ಎದ್ದು ಕಾಣಲ್ಲ. ನಮ್ಮದು ಚಿಕ್ಕ ಕಣಜ. ಒಂದನ್ನು ತುಂಬಿದರೆ ಇನ್ನೊಂದು ಹೊರಗೆ ಬೀಳುತ್ತೆ, ಮಳೆ ಬಂದರೆ ಹರಿದು ಹೋಗುತ್ತೆ. ಆದ್ದರಿಂದ ಈ ನೂಕುನುಗ್ಗಲು ನಮ್ಮಂಥ ಕೆಂಪು ಭೂಮಿಯವರಿಗೇ ಹೆಚ್ಚು ಕಾಟ ಕೊಡುವುದು.

ತೆಂಗಿನ ತೋಟ: ಪಕ್ಕದವರ ಔಷಧ ನಮಗೆ ರೋಗ

ತೆಂಗಿಗೆ ಪೊಟ್ಯಾಷ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಫಲ ಬಿಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಅಂತ ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ನವರು ಹೇಳುತ್ತಾರೆ. ಅಂಗಡಿಯ ಕೆಂಪು ಪೊಟ್ಯಾಷ್‌ನಲ್ಲಿ ಸತ್ವ ನೂರಕ್ಕೆ 60ರಷ್ಟು, ಹಾಗಾಗಿ 1200 ಗ್ರಾಂ ಅಂದರೆ 2 ಕಿಲೋ ಗೊಬ್ಬರ. ಅದೂ ಎರಡು ಕಂತಿನಲ್ಲಿ. ಇಷ್ಟರವರೆಗೆ ಸರಿ. ಕಾಯಿ ದಪ್ಪ ಆಗ್ಲಿ ಅಂತ ಒಂದೇ ಸಲ ಬುಡಕ್ಕೆ ನಾಲ್ಕೈದು ಕಿಲೋ ಸುರಿದರೆ ಮೆಗ್ನೀಷಿಯಂ ಹಿಂದೆ ಬೀಳುತ್ತೆ.

ಮೆಗ್ನೀಷಿಯಂ ಇಲ್ಲದೆ ಎಲೆಗೆ ಹಸಿರು ಬಣ್ಣವೇ ಇಲ್ಲ. ಕೊರತೆಯಾದಾಗ ಮರ ಹಳೇ ಗರಿಯಿಂದ ಕಿತ್ತು ಹೊಸ ಗರಿಗೆ ಕೊಡುತ್ತೆ. ಆಗ ಕೆಳಗಿನ ಗರಿಗಳು ಹಳದಿಯಾಗುತ್ತವೆ. ಅದರಲ್ಲೂ ಬಿಸಿಲು ಬೀಳುವ ಭಾಗ ಹಳದಿ, ಮೇಲಿನ ಗರಿಯ ನೆರಳಲ್ಲಿರುವ ಭಾಗ ಹಸಿರು. ಇದನ್ನು ರೋಗ ಅಂತ ತಿಳಿದು ಔಷಧಿಗೆ, ಬೇರಿಗೆ ಕಟ್ಟುವ ದ್ರಾವಣಕ್ಕೆ ದುಡ್ಡು ಸುರಿಯುವವರಿದ್ದಾರೆ. "ಗೊಬ್ಬರ ಸಾಲ್ದು" ಅಂತ ಇನ್ನೂ ಎರಡು ಕಿಲೋ ಪೊಟ್ಯಾಷ್ ಹಾಕುವವರೂ ಇದ್ದಾರೆ. ಅದು ಹಸಿದ ಕರುವನ್ನು ನೋಡಿ ಎಮ್ಮೆಗೆ ಮತ್ತಷ್ಟು ಹಿಂಡಿ ಇಟ್ಟ ಹಾಗೆ. ಇಂಥ ತೋಟಕ್ಕೆ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕೊಡುವುದು ಶಿಫಾರಸು.

ಇದನ್ನು ಓದಿ ಎಲ್ಲರೂ ಮೆಗ್ನೀಷಿಯಂ ತರಲು ಓಡಬೇಡಿ. ಇದೇ ಊರಿನಲ್ಲಿ ಉಲ್ಟಾ ಕಥೆಯೂ ಇದೆ. ನಮ್ಮ ಕಡೆ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಆ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಗಟ್ಟಿ ಕೂರುತ್ತೆ, ಡ್ರಿಪ್ಪಿನ ತೂತು ಸುಣ್ಣ ಕಟ್ಟಿ ಮುಚ್ಚುತ್ತೆ. ಆ ಬಿಳಿ ಗಟ್ಟಿ ಬೇರೇನಲ್ಲ, ಹೆಚ್ಚಿನ ಪಾಲು ಕ್ಯಾಲ್ಸಿಯಂ, ಮೆಗ್ನೀಷಿಯಂ. ಅಂಥ ನೀರನ್ನು ಹತ್ತು ಹದಿನೈದು ವರ್ಷ ಕಟ್ಟಿದ ತೋಟದಲ್ಲಿ ಈ ಎರಡಕ್ಕೆ ಬರವಿಲ್ಲ. ಅಲ್ಲಿ ಹಿಂದೆ ಬೀಳುವುದು ಪೊಟ್ಯಾಷ್. ಜೊತೆಗೆ ಮಣ್ಣು ಕ್ಷಾರವಾಗಿ ಸತು, ಕಬ್ಬಿಣವೂ ಬೇರಿಗೆ ಸಿಗದ ಹಾಗಾಗುತ್ತವೆ. ಈ ತೋಟಕ್ಕೆ ಮೆಗ್ನೀಷಿಯಂ ಸಲ್ಫೇಟ್ ತಂದು ಹಾಕಿದರೆ ಗಾಯಕ್ಕೆ ಉಪ್ಪು ಹಾಕಿದಂತೆ.

ಒಂದೇ ಬದುವಿನ ಆಚೆ ಈಚೆ ಎರಡು ತೋಟ. ಒಂದು ಮಳೆ ನೀರು, ಕೆರೆ ನೀರು ನಂಬಿದ್ದು, ಇನ್ನೊಂದು ಗಡಸು ನೀರಿನ ಬೋರ್‌ವೆಲ್ಲಿನದು. ಎರಡರಲ್ಲೂ ಗರಿ ಹಳದಿ. ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಬೇಡವಾದ್ದು. ಅದಕ್ಕೇ ಪಕ್ಕದ ತೋಟ ನೋಡಿ ಗೊಬ್ಬರ ಹಾಕಬಾರದು ಅನ್ನುವುದು.

ಅಗ್ಗದ ಯೂರಿಯಾ ಮಾಡುವ ಕೆಲಸ

1992ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರದ ಬೆಲೆ ನಿಯಂತ್ರಣ ತೆಗೆಯಿತು, ಯೂರಿಯಾವನ್ನು ಮಾತ್ರ ನಿಯಂತ್ರಣದಲ್ಲೇ ಉಳಿಸಿಕೊಂಡಿತು. 2010ರಲ್ಲಿ ಪೋಷಕಾಂಶ ಆಧರಿಸಿದ ಸಬ್ಸಿಡಿ ಬಂದಾಗಲೂ ಯೂರಿಯಾ ಅದರ ಹೊರಗೇ ಉಳಿಯಿತು. ಹೀಗಾಗಿ ಯೂರಿಯಾ ಅಗ್ಗ, ಉಳಿದವು ದುಬಾರಿ. ಕೈಯಲ್ಲಿ ಕಾಸಿಲ್ಲದ ಒಣಬೇಸಾಯದವನು ಯಾವುದಕ್ಕೆ ಕೈ ಹಾಕುತ್ತಾನೆ ಅಂತ ಹೇಳಬೇಕಾಗಿಲ್ಲ.

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಮೊದಲು ಅಮೋನಿಯ ರೂಪಕ್ಕೆ ಬರುತ್ತೆ, ಆಮೇಲೆ ನಿಧಾನವಾಗಿ ನೈಟ್ರೇಟ್ ಆಗುತ್ತೆ. ಅಮೋನಿಯ ರೂಪದಲ್ಲಿ ಇರುವಷ್ಟು ದಿನ ಅದು ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಷಿಯಂ ಮೂವರ ಜೊತೆಗೂ ಬಾಗಿಲಲ್ಲಿ ಜಗಳ ಆಡುತ್ತೆ. ನೈಟ್ರೇಟ್ ಆದ ಮೇಲೆ ಗುಣ ಬದಲಾಯಿತು. ಋಣ ಗುಣದ ನೈಟ್ರೇಟ್ ಒಳಗೆ ಹೋಗುವಾಗ ಜೋಡಿಗೆ ಧನ ಗುಣದವರನ್ನು ಕರೆದುಕೊಂಡೇ ಹೋಗುತ್ತೆ. ಜಗಳಗಂಟನೇ ಆಮೇಲೆ ನೆಂಟನಾಗುತ್ತಾನೆ. ಆದ್ದರಿಂದ ಯೂರಿಯಾವನ್ನು ಒಂದೇ ಸಲ ಚೆಲ್ಲದೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ ಕೊಡಬೇಕು. ಜಗಳ ಸಣ್ಣದಾಗಿಯೇ ಮುಗಿದು ಹೋಗುತ್ತೆ.

ರಾಗಿ ಸಾಲಿನಲ್ಲಿ ಡಿಎಪಿ ಮತ್ತು ಸತು

ರಾಗಿ, ಮುಸುಕಿನ ಜೋಳಕ್ಕೆ ಬಿತ್ತನೆಯಲ್ಲಿ ಡಿಎಪಿ ಹಾಕುವುದು ರೂಢಿ. ಡಿಎಪಿಯಲ್ಲಿ ಸಾರಜನಕ ನೂರಕ್ಕೆ 18, ರಂಜಕ 46. ವರ್ಷ ವರ್ಷ ಹಾಕುತ್ತಾ ಬಂದ ಹೊಲದಲ್ಲಿ ರಂಜಕ ಕೂಡಿಕೊಳ್ಳುತ್ತೆ, ಯಾಕೆಂದರೆ ಅದು ಹಾಕಿದ ಜಾಗ ಬಿಟ್ಟು ಕದಲುವುದು ಬಹಳ ಕಡಿಮೆ. ರಂಜಕ ಹೆಚ್ಚಾದಲ್ಲಿ ಸತುವಿಗೆ ಅಂದರೆ ಜಿಂಕ್‌ಗೆ ಕಷ್ಟ.

ಇಲ್ಲಿ ಬಾಗಿಲ ಜಗಳ ಅಲ್ಲ, ಬೇರೆ ದಾರಿ. ಬೇರಿಗೆ ಅಂಟಿಕೊಂಡು ಬದುಕುವ ಒಂದು ಜಾತಿಯ ಒಳ್ಳೇ ಶಿಲೀಂಧ್ರ ಇದೆ, ಮೈಕೊರೈಜಾ ಅಂತಾರೆ. ಅದು ನೂಲಿನಂಥ ಎಳೆಗಳನ್ನು ದೂರಕ್ಕೆ ಚಾಚಿ ರಂಜಕ, ಸತು ತಂದುಕೊಡುತ್ತೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತೆ. ರಂಜಕ ಮನೆ ಬಾಗಿಲಲ್ಲೇ ಬಿದ್ದಿರುವಾಗ ಗಿಡ ಈ ಆಳನ್ನು ಸಾಕುವುದಿಲ್ಲ. ಆಳು ಹೋದ ಮೇಲೆ ಸತು ತರುವವರು ಯಾರು? ಜೊತೆಗೆ ರಂಜಕದಿಂದ ಗಿಡ ಜೋರಾಗಿ ಬೆಳೆದು, ಇದ್ದ ಚೂರು ಸತು ಹಂಚಿ ತೆಳುವಾಗುತ್ತೆ.

ಮುಸುಕಿನ ಜೋಳದಲ್ಲಿ ಇದನ್ನು ಸುಲಭವಾಗಿ ಗುರುತಿಸಬಹುದು. ಎಳೆ ಎಲೆಯ ಬುಡದ ಕಡೆ, ನಡುನರದ ಎರಡೂ ಪಕ್ಕ ಬಿಳಿಚಿದ ಪಟ್ಟಿ. ಗಿಡ ಗಿಡ್ಡ, ಗೆಣ್ಣು ಹತ್ತಿರ ಹತ್ತಿರ.

2009ರಲ್ಲಿ ಭೂಚೇತನ ಯೋಜನೆ ಶುರುವಾದಾಗ ಮೊದಲ ಹಂತದ ಆರು ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. ಇಕ್ರಿಸ್ಯಾಟ್‌ನವರು ಮತ್ತು ಕೃಷಿ ಇಲಾಖೆಯವರು ಮಣ್ಣು ಪರೀಕ್ಷೆ ಮಾಡಿ, ಒಣಭೂಮಿಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿದೆ ಅಂತ ತೋರಿಸಿದರು. ಜಿಂಕ್ ಸಲ್ಫೇಟ್ ಚೀಲ ನಮ್ಮ ಹಳ್ಳಿಗಳಿಗೆ ಹೆಚ್ಚಾಗಿ ಬರಲು ಶುರುವಾದದ್ದು ಆಗ. ಆದರೆ ಅದನ್ನು ಹಾಕುವ ರೀತಿ ಎಲ್ಲರಿಗೂ ತಿಳಿದಿಲ್ಲ. ಎರಡು ಸಲ ಕೆಲಸ ಯಾಕೆ ಅಂತ ಜಿಂಕನ್ನು ಡಿಎಪಿ ಜೊತೆಗೇ ಬೆರೆಸಿ ಸಾಲಿಗೆ ಬಿಡುತ್ತಾರೆ. ಎರಡೂ ಕೂಡಿ ಸುಲಭವಾಗಿ ಕರಗದ ವಸ್ತುವಾಗುತ್ತೆ. ನಾನು ಜಿಂಕ್ ಸಲ್ಫೇಟನ್ನು ಪುಡಿ ಗೊಬ್ಬರದಲ್ಲಿ ಬೆರೆಸಿ, ಕೊನೆಯ ಉಳುಮೆಗೆ ಮುಂಚೆ ಹೊಲಕ್ಕೆಲ್ಲ ಎರಚುತ್ತೇನೆ. ಡಿಎಪಿ ಬಿತ್ತುವಾಗ ಸಾಲಿಗೆ. ಒಮ್ಮೆ ಹಾಕಿದ ಜಿಂಕ್ ಎರಡು ಮೂರು ಬೆಳೆಗೆ ಬರುತ್ತೆ, ಪ್ರತಿ ವರ್ಷ ಬೇಕಿಲ್ಲ. ಜಿಂಕೇ ಅತಿಯಾದರೆ ಅದು ತಾಮ್ರ, ಕಬ್ಬಿಣಕ್ಕೆ ಅಡ್ಡ ಬರುತ್ತೆ.

ಕಡಲೆಕಾಯಿ ಜೊಳ್ಳಾಗುವುದು

ನಮ್ಮ ಜಿಲ್ಲೆಯ ಪಾವಗಡ, ಸಿರಾ, ಮಧುಗಿರಿ ಕಡೆಯ ಕಡಲೆಕಾಯಿ ಬೆಳೆಗಾರರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕಾಯಿ ದಪ್ಪ ಇರುತ್ತೆ, ಒಡೆದರೆ ಒಳಗೆ ಬೀಜವಿಲ್ಲ. ಬೀಜ ತುಂಬಲು ಕ್ಯಾಲ್ಸಿಯಂ ಬೇಕು. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಏರುತ್ತೆ, ಅಲ್ಲಿಂದ ವಾಪಸ್ ಕೆಳಗಿಳಿದು ಕಾಯಿಗೆ ಬರಲ್ಲ. ಹೂವಾದ ಮೇಲೆ ಸೂಜಿಯ ಹಾಗೆ ಮಣ್ಣಿಗಿಳಿದ ಕಾಯಿ, ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನ ಸಿಪ್ಪೆಯಿಂದಲೇ ಸುತ್ತಲ ಮಣ್ಣಿನಿಂದ ಹೀರಬೇಕು. ಆ ಮೇಲ್ಮಣ್ಣಿನಲ್ಲಿ ಪೊಟ್ಯಾಷ್ ತುಂಬಿದ್ದರೆ ಕ್ಯಾಲ್ಸಿಯಂಗೆ ದಾರಿ ಕಟ್ಟಾಗುತ್ತೆ.

ಇದಕ್ಕೆ ಉಪಾಯ ಜಾಗ ಮತ್ತು ಕಾಲ ಬೇರೆ ಮಾಡುವುದು. ಪೊಟ್ಯಾಷ್ ಬಿತ್ತನೆಯಲ್ಲೇ ಆಳಕ್ಕೆ, ಬೇರಿನ ಪಾಲಿಗೆ. ಜಿಪ್ಸಂ ಹೂ ಬಿಡುವ ಹೊತ್ತಿಗೆ ಬುಡದ ಮೇಲ್ಮಣ್ಣಿಗೆ, ಕಾಯಿಯ ಪಾಲಿಗೆ. ಹೆಕ್ಟೇರಿಗೆ 500 ಕಿಲೋ, ಅಂದರೆ ಎಕರೆಗೆ 200 ಕಿಲೋ ಜಿಪ್ಸಂ ಶಿಫಾರಸಾಗಿದೆ. ಜಗಳವಾಡುವ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಹೊತ್ತಿಗೆ ಬಡಿಸಿದ ಹಾಗೆ ಇದು.

ಬೂದಿ ಮತ್ತು ಉಪ್ಪು

ಸೌದೆ ಬೂದಿಯನ್ನು ನಾವು ಪೊಟ್ಯಾಷ್ ಅಂತಲೇ ತಿಳಿದಿದ್ದೇವೆ. ನಿಜ, ಆದರೆ ಬೂದಿಯಲ್ಲಿ ಸುಣ್ಣದ ಅಂಶ ಪೊಟ್ಯಾಷ್‌ಗಿಂತ ಹೆಚ್ಚು. ಹುಳಿ ಮಣ್ಣಿಗೆ ಅದು ಒಳ್ಳೇದು. ಗಡಸು ನೀರಿನ ತೋಟದಲ್ಲಿ ಒಂದೇ ಮರದ ಬುಡಕ್ಕೆ ದಿನಾ ಒಲೆ ಬೂದಿ ಸುರಿದರೆ ಆ ಮರದ ಸುತ್ತ ಸತು, ಕಬ್ಬಿಣ ಸಿಗದ ಹಾಗಾಗುತ್ತೆ. ಬೂದಿಯನ್ನು ತಿಪ್ಪೆಗೆ ಸುರಿಯುವುದೂ ಬೇಡ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತೆ. ತೆಳ್ಳಗೆ ಎಲ್ಲ ಮರಕ್ಕೂ ಹಂಚಿ.

ತೆಂಗಿನ ಗುಣಿಗೆ ಉಪ್ಪು ಹಾಕುವುದು ಹಿರಿಯರಿಂದ ಬಂದ ರೂಢಿ. ತೆಂಗಿಗೆ ಕ್ಲೋರಿನ್ ಬೇಕು, ಉಪ್ಪಿನಲ್ಲಿ ಅದಿದೆ. ಆದರೆ ಕೆಂಪು ಪೊಟ್ಯಾಷ್‌ನಲ್ಲೂ ಕ್ಲೋರಿನ್ ಇದೆ. ಪೊಟ್ಯಾಷ್ ಹಾಕುವವರಿಗೆ ಉಪ್ಪು ಬೇಡ. ಉಪ್ಪಿನ ಸೋಡಿಯಂ ಹೆಚ್ಚಾದರೆ ಪೊಟ್ಯಾಷ್‌ಗೆ ಪೈಪೋಟಿ, ಮಣ್ಣೂ ಗಟ್ಟಿ. ಕರಾವಳಿಯ ಜೋರು ಮಳೆ ಉಪ್ಪನ್ನು ತೊಳೆದುಬಿಡುತ್ತೆ, ನಮ್ಮ ಮಳೆಗೆ ಆ ಶಕ್ತಿ ಇಲ್ಲ.

ತೇವ ಇಲ್ಲದಿದ್ದರೆ ಎಲ್ಲ ಲೆಕ್ಕವೂ ಬದಲು

ಒಣಬೇಸಾಯದವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಕ್ಯಾಲ್ಸಿಯಂ, ಮೆಗ್ನೀಷಿಯಂ, ನೈಟ್ರೇಟ್ ಹೆಚ್ಚಾಗಿ ನೀರಿನ ಹರಿವಿನ ಜೊತೆಗೇ ಬೇರಿಗೆ ಬರುತ್ತವೆ. ಪೊಟ್ಯಾಷ್, ರಂಜಕ ಹಾಗಲ್ಲ. ಅವು ಮಣ್ಣಿನ ಕಣದ ಸುತ್ತಲ ತೆಳು ನೀರಿನ ಪದರದಲ್ಲಿ ಇಂಚಿಂಚೇ ತೆವಳಿಕೊಂಡು ಬರಬೇಕು, ಅದೂ ಬಹಳ ಸ್ವಲ್ಪ ದೂರ. ಮಳೆ ಕೈಕೊಟ್ಟು ಮಣ್ಣು ಒಣಗಿದರೆ ಆ ಪದರ ತುಂಡಾಗುತ್ತೆ, ತೆವಳುವ ದಾರಿ ಮುಚ್ಚುತ್ತೆ. ಮಳೆ ಬಿಡುವು ಕೊಟ್ಟಾಗ ರಾಗಿಯಲ್ಲಿ ಹಳೇ ಎಲೆಯ ಅಂಚು ಒಣಗುವುದಕ್ಕೆ ಇದೂ ಒಂದು ಕಾರಣ. ಮಣ್ಣಿನಲ್ಲಿ ಪೊಟ್ಯಾಷ್ ಇಲ್ಲ ಅಂತಲ್ಲ, ಬರಲು ದಾರಿ ಇಲ್ಲ. ಆಗ ಮೂಟೆ ತಂದು ಚೆಲ್ಲಿದರೆ ಪ್ರಯೋಜನವಿಲ್ಲ. ಕುಂಟೆ ಹೊಡೆದು ತೇವ ಕಾಯುವುದು, ಹೊದಿಕೆ ಹಾಕುವುದು, ಬದು ಭದ್ರ ಮಾಡುವುದು, ಇವೂ ಗೊಬ್ಬರದ ಕೆಲಸವೇ.

ಕಾರ್ಡಿನಲ್ಲಿ ಇಲ್ಲದ ಎರಡು ಹೆಸರು

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಹಲವರ ಮನೆಯಲ್ಲಿ ಇರಬಹುದು. ಅದರಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಪಟ್ಟಿ ಇನ್ನೊಮ್ಮೆ ಓದಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಇಲ್ಲ. ತೆಂಗಿನವರಿಗೆ ಪೊಟ್ಯಾಷ್ ಒಂದರ ಅಂಕಿ ಸಾಲದು, ಈ ಮೂರರ ಹೋಲಿಕೆ ಬೇಕು. ಆದ್ದರಿಂದ ಮಣ್ಣು ಕೊಡುವಾಗ ಈ ಎರಡನ್ನೂ ನೋಡಿಕೊಡಿ ಅಂತ ಬಾಯಿ ಬಿಟ್ಟು ಕೇಳಬೇಕು. ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಬೇಕು. ತುಮಕೂರು ಪಕ್ಕದ ಹಿರೇಹಳ್ಳಿ, ತಿಪಟೂರು ತಾಲ್ಲೂಕಿನ ಕೊನೆಹಳ್ಳಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು. ತೆಂಗಿನ ಗರಿ ಪರೀಕ್ಷೆಗೆ ಕೊಡುವುದಾದರೆ ಸುಳಿಯಿಂದ ಎಣಿಸಿ 14ನೇ ಗರಿಯದ್ದು ಕೊಡಬೇಕು.

ಪರೀಕ್ಷೆಗೆ ಹೋಗಲಾಗದಿದ್ದರೆ ತೋಟದಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಳದಿಯಾದ ಎಂಟು ಮರ ಆರಿಸಿ. ನಾಲ್ಕಕ್ಕೆ ಮಾತ್ರ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟು ಬಣ್ಣ ಬಳಿದು ಗುರುತು ಮಾಡಿ. ಹಳದಿಯಾದ ಗರಿ ಹಸಿರಾಗಲಿ ಅಂತ ಕಾಯಬೇಡಿ. ಈಗ ಹಸಿರಿರುವ ಗರಿಗಳು ವಯಸ್ಸಾಗಿ ಕೆಳಗಿಳಿದಾಗಲೂ ಹಸಿರಾಗಿಯೇ ಉಳಿಯುತ್ತವೆಯೇ ನೋಡಿ. ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತೆ, ಹಾಗಾಗಿ ಒಂದೆರಡು ವರ್ಷ ತಾಳ್ಮೆ ಬೇಕು. ಖರ್ಚು ನಾಲ್ಕು ಮರದ್ದು, ತಿಳುವಳಿಕೆ ಇಡೀ ತೋಟದ್ದು.

ಜಗಳ ಬಿಡಿಸುವ ಯಜಮಾನ

ಈ ಎಲ್ಲ ನೂಕುನುಗ್ಗಲಿಗೂ ಒಬ್ಬ ಯಜಮಾನ ಇದ್ದಾನೆ, ಕೊಟ್ಟಿಗೆ ಗೊಬ್ಬರ. ಅದು ಚಿಕ್ಕ ಕಣಜವನ್ನು ದೊಡ್ಡದು ಮಾಡುತ್ತೆ, ತೇವ ಹಿಡಿಯುತ್ತೆ, ಸತು ಕಬ್ಬಿಣವನ್ನು ಕರಗುವ ರೂಪದಲ್ಲಿ ಹಿಡಿದಿಟ್ಟು ಕೊಡುತ್ತೆ. ಬೆಂಗಳೂರಿನ ಜಿಕೆವಿಕೆಯ ಒಣಬೇಸಾಯದ ಹೊಲದಲ್ಲಿ 1978ರಿಂದ ರಾಗಿಯ ಮೇಲೆ ದೀರ್ಘಕಾಲದ ಪ್ರಯೋಗ ನಡೆದಿದೆ. ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕಿನ ಇಳುವರಿ ವರ್ಷ ಕಳೆದಂತೆ ಇಳಿಯಿತು. ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಾಸಾಯನಿಕ ಗೊಬ್ಬರವನ್ನೂ ಕೊಟ್ಟ ತಾಕು ಮುಂದಿತ್ತು. ಎಕರೆಗೆ 4 ಟನ್ ಒಟ್ಟು ಮಾಡುವುದು ದನ ಕಡಿಮೆಯಾದ ಈ ಕಾಲದಲ್ಲಿ ಕಷ್ಟವೇ. ಹೊಂಗೆ ಸೊಪ್ಪು, ಬದುವಿನ ಗ್ಲಿರಿಸಿಡಿಯ, ತೆಂಗಿನ ಗರಿ, ಅಕ್ಕಡಿ ಸಾಲಿನ ಅವರೆ ತೊಗರಿಯ ಉದುರು ಎಲೆ, ಕೆರೆ ಗೋಡು, ಸಿಕ್ಕಿದ್ದೆಲ್ಲ ಸೇರಿಸಬೇಕು.

ಇಷ್ಟು ನೆನಪಿಟ್ಟರೆ ಸಾಕು. ಎಲೆಯಲ್ಲಿ ಕೊರತೆ ಕಂಡರೆ "ಏನು ಕಮ್ಮಿ ಹಾಕಿದೆ" ಅಂತ ಒಂದೇ ಕೇಳಬೇಡಿ, "ಏನು ಹೆಚ್ಚು ಹಾಕಿದೆ" ಅಂತಲೂ ಕೇಳಿ. ಹಳೇ ಎಲೆಯಲ್ಲಿ ಮೊದಲು ಕಂಡರೆ ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕಡೆ ನೋಡಿ. ಸುಳಿ, ಎಳೆ ಎಲೆಯಲ್ಲಿ ಕಂಡರೆ ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ, ಸತುವಿನ ಕಡೆ ನೋಡಿ. ಇನ್ನೊಂದು ಮೂಟೆ ಹೇರುವ ಮುಂಚೆ ಮಣ್ಣು, ನೀರು ಎರಡನ್ನೂ ನೋಡಿ. ಎಷ್ಟೋ ಸಲ ಬೇಕಾದ ಔಷಧ ಯಾವ ಅಂಗಡಿಯಲ್ಲೂ ಇರುವುದಿಲ್ಲ, ಒಂದು ವರ್ಷ ಒಂದು ಮೂಟೆ ಕಡಿಮೆ ಮಾಡುವುದೇ ಔಷಧ.

ಗಡಸು ನೀರಿನ ತೋಟದಲ್ಲಿ ಪೊಟ್ಯಾಷ್‌ನ ಕಂತು ಹೇಗೆ ಮಾಡಿದರೆ ಒಳ್ಳೇದು ಅಂತ ಅನುಭವ ಇರುವವರು ದಯವಿಟ್ಟು ಪತ್ರಿಕೆಗೆ ಬರೆಯಿರಿ. ನಮ್ಮ ಕಡೆ ತುಂಬಾ ಜನಕ್ಕೆ ಉಪಯೋಗವಾಗುತ್ತೆ.